ಬಾಣ ತೋರಿಸಿದ ಕಡೆಗೆ

ನನ್ನ ತಂಗಿಯ ಮಗಳ ಗೆಳತಿಗೆ ಈಚೆಗೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಮಾಡುತ್ತಿದ್ದಂಥದ್ದೇ ಕೆಲಸ ಸಿಕ್ಕಿತು. ಪೇಢೆ ಹಿಡಿದುಕೊಂಡು ಮಹಾಂತೇಶ ನಗರದ ನಮ್ಮ ಮನೆಗೆ ಬಂದಿದ್ದಳು. "ಆರಾಮ ಕೆಲಸ ಅಲ್ಲೇನ್ರಿ ಆಂಟಿ? ನೆರಳಾಗ ಕುಂದರೂದು, ಫಾಂಟ್ ನೋಡೂದು. ಡಾಕ್ಟರಂಗ ಯಾರ ಜೀವದ ಜವಾಬ್ದಾರಿನೂ ಇಲ್ಲ" ಅಂದಳು. ಪಾಪ, ಹುಡುಗಿ ಖುಷಿಯಲ್ಲಿದ್ದಳು. ಚಹಾ ಕೊಟ್ಟು, ಒಳ್ಳೆಯದಾಗಲಿ ಎಂದು ಹೇಳಿ ಕಳಿಸಿದೆ. ಆಕೆ ಹೋದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅವತ್ತು ಆಕೆಗೆ ಹೇಳಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿಯ ಸಣ್ಣ ಕಂಪನಿ. ಪುಟ ಜೋಡಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಶಾಲೆಯ ಸ್ಮರಣ ಸಂಚಿಕೆ, ಅಂಗಡಿಯ ಬೋರ್ಡು, ಏನು ಬೇಕಾದರೂ ಅದರಲ್ಲಿ ಕೂಡಿಸಬಹುದು. ಕನ್ನಡ, ಮರಾಠಿ, ಉರ್ದು, ಇಂಗ್ಲಿಷು ಒಂದೇ ಪುಟದಲ್ಲಿ ಬರಬೇಕು. ಈ ಊರಿನಲ್ಲಿ ಒಂದೇ ಭಾಷೆಯಲ್ಲಿ ಏನನ್ನಾದರೂ ಅಚ್ಚು ಹಾಕಿದರೆ ಅರ್ಧ ಊರಿಗೆ ಸಿಟ್ಟು. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯಬೇಕು, ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ಹಾಗೆಯೇ ತೆರೆಯಬೇಕು. ಕಂಪ್ಯೂಟರಿನ ಜೊತೆಗೇ ಬರುವ ಫಾಂಟುಗಳನ್ನು ನಮ್ಮ ಸಾಫ್ಟ್‌ವೇರಿಗೆ ಹೊಂದಿಸುವುದು ನನ್ನ ಕೆಲಸ.

ಕೇಳಲು ಸಲೀಸು. ಮಾಡಲು ಹೋದರೆ ಮೂರು ಸೊಸೆಯಂದಿರ ಮನೆ. ವಿಂಡೋಸ್ ಫಾಂಟುಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಇಡುತ್ತದೆ. ಮ್ಯಾಕ್ ಒಂದಿಷ್ಟನ್ನು ಅಲ್ಲಿ, ಒಂದಿಷ್ಟನ್ನು ಇಲ್ಲಿ ಇಡುತ್ತದೆ. ಲಿನಕ್ಸ್‌ನಲ್ಲಿ ಯಾರು ಎಲ್ಲಿ ಇಟ್ಟಿದ್ದಾರೋ ಇಟ್ಟವರಿಗೇ ನೆನಪಿರುವುದಿಲ್ಲ. ಒಂದರಲ್ಲಿ ಇರುವ ಕನ್ನಡ ಫಾಂಟು ಇನ್ನೊಂದರಲ್ಲಿ ಇರುವುದಿಲ್ಲ. ಲಿನಕ್ಸ್‌ನ ಇನ್ನೊಂದು ಗುಣವೆಂದರೆ ಅದು ಬಾಯಿಬಿಟ್ಟು ಇಲ್ಲ ಅನ್ನುವುದಿಲ್ಲ. ಕೇಳಿದ ಫಾಂಟು ಇಲ್ಲದಿದ್ದರೆ ಹತ್ತಿರದ್ದೊಂದನ್ನು ತೆಗೆದು ಕೊಡುತ್ತದೆ. ಕಿರಾಣಿ ಅಂಗಡಿಯವನು ನಾವು ಕೇಳಿದ ಸಾಬೂನು ಇಲ್ಲದಿದ್ದರೆ ಅದೇ ಬಣ್ಣದ ಇನ್ನೊಂದನ್ನು ಚೀಲಕ್ಕೆ ಹಾಕಿ ಕಳಿಸುತ್ತಾನಲ್ಲ, ಹಾಗೆ. ಅದರ ತಪ್ಪಲ್ಲ. ಮನೆಗೆ ಬರುವ ಮೊದಲು ಚೀಲ ಬಿಚ್ಚಿ ನೋಡಬೇಕಾದವರು ನಾವು.

ಶುರುವಿನ ವರ್ಷಗಳಲ್ಲಿ ಆದದ್ದೊಂದು ಹೇಳುತ್ತೇನೆ. ಖಾಸಬಾಗದ ಒಬ್ಬ ಪ್ರೆಸ್ಸಿನವರು ಶ್ರದ್ಧಾಂಜಲಿಯ ಹ್ಯಾಂಡ್‌ಬಿಲ್ಲು ಮಾಡಿದ್ದರು. ಮನೆಯ ಕಂಪ್ಯೂಟರಿನಲ್ಲಿ ಜೋಡಿಸಿ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆಗೆದು ಅಚ್ಚು ಹಾಕಿದರು. ಅಲ್ಲಿ ಸಿಕ್ಕ ಬದಲಿ ಫಾಂಟು ತುಸು ಅಗಲ. ಸಾಲುಗಳು ಒಂದೊಂದೇ ಕೆಳಗೆ ಸರಿದು ಕೊನೆಯ ಸಾಲು ಚೌಕಟ್ಟಿನ ಆಚೆ ಬಿತ್ತು. ಕೊನೆಯ ಸಾಲಿನಲ್ಲಿ ಇದ್ದದ್ದು ತೀರಿಹೋದವರ ಹೆಸರು. ಫೋಟೋ ಇದೆ, ಹಾರ ಇದೆ, ದುಃಖತಪ್ತರ ಹೆಸರುಗಳೆಲ್ಲ ಇವೆ, ಸತ್ತವರ ಹೆಸರೊಂದೇ ಇಲ್ಲ. ಪ್ರೆಸ್ಸಿನವರು ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದರು. "ಸತ್ತಂವ ಹೋದ, ನೀವು ಅವನ ಹೆಸರನೂ ಕಳಿಸಿಬಿಟ್ರಿ ನೋಡ್ರಿ!" ಅಂದರು. ಆಫೀಸಿನಲ್ಲಿ ನಾವು ಬಹಳ ದಿನ ಈ ಮಾತು ಹೇಳಿಕೊಂಡು ನಕ್ಕೆವು. ಈಗ ನಗು ಬರುವುದಿಲ್ಲ.

ಇಂಥ ತಾಪತ್ರಯ ಬೇಡವೆಂದೇ ನಮ್ಮ ಊರಿನ ಡಿಟಿಪಿಯವರು ಒಂದು ರೂಢಿ ಮಾಡಿಕೊಂಡಿದ್ದರು. ಪುಟ ಪೂರ್ತಿಯಾದ ಕೂಡಲೇ ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಾಯಿಸುವುದು. ಅದಕ್ಕೆ 'ಕರ್ವ್ ಮಾಡುವುದು' ಅನ್ನುತ್ತಾರೆ. ಕರ್ವ್ ಮಾಡಿದ ಮೇಲೆ ಅದು ಅಕ್ಷರವಲ್ಲ, ಬರೀ ಗೆರೆ. ಫಾಂಟು ಇರಲಿ ಬಿಡಲಿ, ಯಾವ ಕಂಪ್ಯೂಟರಿನಲ್ಲೂ ಕದಲುವುದಿಲ್ಲ. ಆದರೆ ಆಮೇಲೆ ಒಂದು ಕಾಗುಣಿತ ತಿದ್ದಬೇಕೆಂದರೂ ಆಗದು, ಮೊದಲಿನಿಂದ ಕೂಡಿಸಬೇಕು. ಅದೊಂದು ದೊಡ್ಡ ಕಿರಿಕಿರಿ.

ನಮ್ಮ ಮಾಲೀಕರು ಇನಾಮದಾರ ಸರ್ ಹಿಡಿದದ್ದು ಇದೇ ಎಳೆಯನ್ನು. ಒಳ್ಳೆಯ ಮಾತುಗಾರ, ಗಿರಾಕಿಯ ಮನಸ್ಸು ಬಲ್ಲ ಮನುಷ್ಯ. "ಇನ್ನು ಕರ್ವ್ ಮಾಡಬೇಕಿಲ್ಲ, ಎಲ್ಲಿ ತೆರೆದರೂ ಒಂದೇ" ಎಂದು ಬೋರ್ಡು ಬರೆಸಿದರು. ಅಂಗಡಿ ಅಂಗಡಿಗೆ ತಾವೇ ಹೋಗಿ ಜನರ ರೂಢಿ ಬಿಡಿಸಿದರು. ಆ ಮಾತು ಮುಕ್ಕಾಲು ಪಾಲು ನಿಜವಿತ್ತು. ಕಾಲು ಪಾಲಿನ ಹೊಣೆ ನನ್ನ ತಲೆಗೆ ಬಂತು.

ಸಾಫ್ಟ್‌ವೇರಿನ ಮೊದಲ ಆವೃತ್ತಿಗಳಲ್ಲಿ ನಾನು ಒಂದು ಎಚ್ಚರಿಕೆ ಇಟ್ಟಿದ್ದೆ. ಕೇಳಿದ ಫಾಂಟು ಸಿಗದಿದ್ದರೆ "ಇದು ಇಲ್ಲ, ಇದರ ಬದಲು ಅದನ್ನು ಹಾಕಿದ್ದೇನೆ" ಎಂದು ಒಂದು ಚೌಕ ಕಾಣಿಸುತ್ತಿತ್ತು. ಚೌಕ ಕಂಡ ಗಿರಾಕಿಗಳು ಗಾಬರಿಯಾಗಿ ಫೋನು ಮಾಡುತ್ತಿದ್ದರು. ಒಂದು ದಿನ ಇನಾಮದಾರ ಸರ್ ನನ್ನ ಟೇಬಲಿಗೆ ಬಂದು ನಿಂತರು.

"ಶೈಲಾಬಾಯಿ, ಆ ಚೌಕ ತಗದು ಬಿಡ್ರಿ. ಗಿರಾಕಿಗೆ ಸುಮ್ಮಸುಮ್ಮನ ಅಂಜಿಕಿ ಹಚ್ಚತದ ಅದು."

"ಅಕ್ಷರಕ್ಕ ಬೇಕಾದ್ರ ತಗೀತೀನ್ರಿ ಸರ್. ಚಿಹ್ನಿಗೆ ಬ್ಯಾಡ."

"ಚಿಹ್ನಿ ಯಾರು ನೋಡ್ತಾರ? ಜನ ಓದೂದು ಅಕ್ಷರ."

ಅಕ್ಷರಕ್ಕೂ ಚಿಹ್ನೆಗೂ ಏನು ವ್ಯತ್ಯಾಸ ಎಂದು ಅವರಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಈಗಿನ ಕಾಲದಲ್ಲಿ 'ಕ' ಅಂದರೆ ಯಾವ ಫಾಂಟಿನಲ್ಲೂ 'ಕ'ವೇ. ದಪ್ಪಗಾದೀತು, ಸಣ್ಣಗಾದೀತು, 'ಗ' ಆಗದು. ಬಾಣ, ಚುಕ್ಕಿ, ಕೈಗುರುತು ಇರುವ ಹಳೆಯ ಚಿಹ್ನೆ ಫಾಂಟುಗಳು ಹಾಗಲ್ಲ. ಅವು ಮಸಾಲೆ ಡಬ್ಬಿ ಇದ್ದ ಹಾಗೆ. ನಮ್ಮ ಡಬ್ಬಿಯಲ್ಲಿ ಮೂರನೆಯ ಬಟ್ಟಲು ಅರಿಸಿನದ್ದು, ನಮ್ಮ ಅತ್ತೆಯ ಡಬ್ಬಿಯಲ್ಲಿ ಅದೇ ಬಟ್ಟಲು ಖಾರದ್ದು. ಕಂಪ್ಯೂಟರು ಮೂರನೆಯ ಬಟ್ಟಲು ಎಂದಷ್ಟೇ ನೆನಪಿಟ್ಟಿರುತ್ತದೆ. ಡಬ್ಬಿ ಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಬಾಣದ ಜಾಗದಲ್ಲಿ ಖಾಲಿ ಚೌಕ ಬಂದರೆ ಎಲ್ಲರೂ ನೋಡುತ್ತಾರೆ, ಬೈಯುತ್ತಾರೆ, ತಿದ್ದುತ್ತಾರೆ. ಚಂದದ ಇನ್ನೊಂದು ಬಾಣವೇ ಬಂದರೆ ಯಾರೂ ನೋಡುವುದಿಲ್ಲ.

"ಡಬ್ಬಿ ಕಥಿ ಚಲೋ ಅದ" ಎಂದು ನಕ್ಕು ಸರ್ ತಮ್ಮ ಕೋಣೆಗೆ ಹೋದರು. ಎಚ್ಚರಿಕೆಯ ಚೌಕ ಹೋಯಿತು. ಫೋನುಗಳೂ ನಿಂತವು. ಆ ವರ್ಷ ವ್ಯಾಪಾರ ಚೆನ್ನಾಯಿತು.

ಇನ್ನು ಇಮ್ತಿಯಾಜ್ ಭಾಯಿಯ ವಿಷಯ. ಆಟೋ ನಗರದಲ್ಲಿ ಅವರದು ಲೋಹದ ಪ್ಲೇಟುಗಳ ಮೇಲೆ ಅಕ್ಷರ ಕೊರೆಯುವ ಅಂಗಡಿ. ಸುತ್ತಲಿನ ವರ್ಕ್‌ಶಾಪುಗಳಲ್ಲಿ ತಯಾರಾಗುವ ಯಂತ್ರಗಳಿಗೆ ಹೆಸರಿನ ಪ್ಲೇಟು, ಸೂಚನೆಯ ಪ್ಲೇಟು ಎಲ್ಲ ಅವರಲ್ಲಿಂದಲೇ ಹೋಗುತ್ತಿದ್ದವು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮೆಲ್ಲರ ಕನ್ನಡ. ಪ್ಲೇಟನ್ನು ಜೋಡಿಸುವುದು ಸೆಕೆಂಡ್‌ಹ್ಯಾಂಡ್ ಮ್ಯಾಕ್‌ನಲ್ಲಿ. ಕೊರೆಯುವ ಯಂತ್ರಕ್ಕೆ ಹಚ್ಚಿದ ಕಂಪ್ಯೂಟರು ಲಿನಕ್ಸ್. ತಪ್ಪದೆ ಕರ್ವ್ ಮಾಡುವವರಲ್ಲಿ ಅವರೇ ಹಿರಿಯರು. ಅವರ ರೂಢಿ ಬಿಡಿಸಲು ಇನಾಮದಾರ ಸರ್ ಖುದ್ದಾಗಿ ಹೋಗಿದ್ದರು. ಯಂತ್ರದ ನಂಬರು ಕಡೆಯ ಗಳಿಗೆಯಲ್ಲಿ ಬದಲಾಗುತ್ತಿದ್ದುದರಿಂದ ಇಮ್ತಿಯಾಜ್ ಭಾಯಿಗೂ ಅದು ಅನುಕೂಲವೆನಿಸಿತು. ರೂಢಿ ಬಿಟ್ಟರು.

ಒಂದು ಬೆಳಿಗ್ಗೆ ಅವರು ಆಫೀಸಿಗೇ ಬಂದರು. ಚೀಲದಿಂದ ಒಂದು ಹಿತ್ತಾಳೆ ಪ್ಲೇಟು ತೆಗೆದು ನನ್ನ ಮುಂದೆ ಇಟ್ಟರು.

"ಅಕ್ಕಾರ, ಇದನ್ನ ನೋಡ್ರಿ. ಮ್ಯಾಕ್‌ನ್ಯಾಗ ಬಾಣ ಈ ಕಡಿ ತಿರಗತೈತಿ. ಪ್ಲೇಟಿನ್ಯಾಗ ಆ ಕಡಿ ಬಂದೈತಿ. ವರ್ಕ್‌ಶಾಪ್‌ನವ್ರು ಉಲ್ಟಾ ಐತಿ ಅಂತ ವಾಪಸ್ ಕೊಟ್ಟು, ಅವತ್ತ ಬೇಕಂತ ಹೊಸಾದು ಮಾಡಿಸ್ಕೊಂಡು ಹೋದ್ರು. ನಾ ಬಾಣ ಕೈಲೆ ಕೊರದು ಕೊಟ್ಟೆ. ಯಾಕ ಹಿಂಗಾತು?"

ಪ್ಲೇಟಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ "ಸಿಕ್ಕಿಕೊಂಡರೆ ಕರೆಂಟು ತೆಗೆದು ಚಕ್ರವನ್ನು ಈ ಕಡೆಗೆ ತಿರುಗಿಸಿ" ಎಂದು ಕೊರೆದಿತ್ತು. ಅಕ್ಷರ ಒಂದೂ ತಪ್ಪಿರಲಿಲ್ಲ. ಕೆಳಗೆ ದುಂಡಗೆ ತಿರುಗುವ ದೊಡ್ಡ ಬಾಣ, ಬಹಳ ಚಂದವಾಗಿತ್ತು, ತಿರುಗಬೇಕಾದ ಕಡೆಗೆ ಬೆನ್ನು ಮಾಡಿತ್ತು. ಬಾಣದ ಗೀರಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಏನಾಗಿದೆ ಎಂದು ನನಗೆ ತಕ್ಷಣ ತಿಳಿಯಿತು. ಮ್ಯಾಕ್‌ನಲ್ಲಿದ್ದ ಚಿಹ್ನೆ ಫಾಂಟು ಲಿನಕ್ಸ್‌ನಲ್ಲಿ ಇರಲಿಲ್ಲ. ಅದು ಬೇರೊಂದನ್ನು ಕೊಟ್ಟಿತು. ಆ ಡಬ್ಬಿಯ ಅದೇ ಬಟ್ಟಲಿನಲ್ಲಿ ಎದುರು ದಿಕ್ಕಿನ ಬಾಣ ಇತ್ತು. ನಮ್ಮ ಸಾಫ್ಟ್‌ವೇರು ಬಾಯಿ ಮುಚ್ಚಿಕೊಂಡು ಕೊರೆಸಿತು.

"ಇಂಥವು ಇನ್ನ ಎಲ್ಲೆರ ಹೋಗ್ಯಾವೇನ್ರಿ?" ಎಂದು ಕೇಳಿದೆ.

"ಇಲ್ಲ, ಇದೊಂದ. ಹೊಸಾ ನಮೂನಿ ಮಶೀನು. ಖಾನಾಪುರದ ಹಂಚಿನ ಕಾರ್ಖಾನಿಗೆ ಹೋಗಿತ್ತು, ಮಣ್ಣ ಕಲಸೂದು." ಕುರ್ಚಿ ಎಳೆದು ಕೂತು, "ನಿನ್ನಿ ವರ್ಕ್‌ಶಾಪಿನ ಫಿಟ್ಟರ್ ಹೇಳಿದ. ಅಲ್ಲೆ ಒಬ್ಬಂವನ ಬಲಗೈ ಹೋಗೈತಂತ. ಹೆಂಡ್ತಿನ ಚಕ್ರ ಉಲ್ಟಾ ತಿರುಗಿಸಿದ್ಲು ಅಂತ ಊರೆಲ್ಲ ಅಕಿಗೆ ಬೈತೈತಂತ" ಅಂದರು. ಆಮೇಲೆ ಪ್ಲೇಟಿನ ಮೂಲೆಯಲ್ಲಿ ಸಣ್ಣಗೆ ಕೊರೆದಿದ್ದ ತಮ್ಮ ಅಂಗಡಿಯ ಹೆಸರಿನ ಮೇಲೆ ಬೆರಳಿಟ್ಟರು. "ಪ್ಲೇಟ ನಂದು, ಬೈಗಳ ಅಕಿಗೆ. ನನಗ ಊಟ ಸೇರವಲ್ದು ಅಕ್ಕಾರ."

ಪ್ಲೇಟು ತೆಗೆದುಕೊಂಡು ಇನಾಮದಾರ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ.

"ನಮ್ಮ ಸಾಫ್ಟ್‌ವೇರ್ ಯಾರ ಕೈನೂ ತಗೊಂಡಿಲ್ಲ, ಶೈಲಾಬಾಯಿ. ಪ್ಲೇಟ್ ಮಾಡಿದಂವ ನೋಡಬೇಕಿತ್ತು. ಹಚ್ಚಿದಂವ ನೋಡಬೇಕಿತ್ತು."

"ಕರ್ವ್ ಮಾಡೂದು ಬ್ಯಾಡ ಅಂತ ಅವರ ಅಂಗಡಿಗೆ ಹೋಗಿ ಹೇಳಿದವ್ರು ಯಾರ್ರಿ ಸರ್?"

ಅವರು ಕುರ್ಚಿಯಿಂದ ಎದ್ದರು. "ಖಾನಾಪುರಕ್ಕ ಹೋಗೂ ವಿಚಾರ ಇದ್ರ ಬಿಟ್ಟುಬಿಡ್ರಿ. ನಿಮ್ಮ ನಿವೃತ್ತಿ ಹತ್ರ ಬಂದದ. ಚಂದಾಗಿ ಮುಗಿಸ್ಕೋರಿ."

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಗಂಡನ ಆಪರೇಷನ್ನಿನ ಹೊತ್ತಿಗೆ ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತವರು. ಹಾಗಾಗಿಯೇ ಸಿಟ್ಟು ಹೆಚ್ಚಾಯಿತು. ಪ್ಲೇಟನ್ನು ಮತ್ತೆ ಚೀಲಕ್ಕೆ ಹಾಕಿ, ಆ ಭಾನುವಾರ ಇಮ್ತಿಯಾಜ್ ಭಾಯಿಯ ವ್ಯಾನಿನಲ್ಲಿ ಖಾನಾಪುರಕ್ಕೆ ಹೊರಟೆ.

ಕೈ ಕಳೆದುಕೊಂಡವನ ಹೆಸರು ನಾಮದೇವ, ಹೆಂಡತಿ ಸಾವಿತ್ರಿ. ಇಬ್ಬರೂ ಅದೇ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಮನೆ ಕೇಳಿದಾಗ ಓಣಿಯ ಬಾಯಿಯಲ್ಲಿದ್ದ ಒಬ್ಬ ಹೆಂಗಸು "ಕೈ ತಿಂದಾಕಿ ಮನಿ ಏನ್ರಿ?" ಎಂದು ತೋರಿಸಿದಳು. ಆ ಮಾತು ಆಕೆಯ ಬಾಯಿಂದ ಸಲೀಸಾಗಿ ಬಂತು, ಅಡ್ಡಹೆಸರು ಬಹಳ ದಿನದಿಂದ ಚಾಲ್ತಿಯಲ್ಲಿದೆ ಎನ್ನುವ ಹಾಗೆ.

ನಾವು ಹೋದಾಗ ಊಟದ ಹೊತ್ತು. ನಾಮದೇವ ಗೋಡೆಗೆ ಒರಗಿ ಕೂತಿದ್ದ. ಬಲಗೈ ಮಣಿಕಟ್ಟಿನ ಮೇಲೆಯೇ ಮುಗಿದಿತ್ತು, ಬಿಳಿ ಬಟ್ಟೆ ಸುತ್ತಿದ್ದರು. ಅವನ ತಾಯಿ ಭಾಕರಿ ಮುರಿದು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಸಾವಿತ್ರಿ ಹೊಸ್ತಿಲಿನ ಹೊರಗೆ ಕೂತಿದ್ದಳು. ಗಂಡನ ತಾಟು ಮುಟ್ಟಲು ಆಕೆಗೆ ಅಪ್ಪಣೆ ಇರಲಿಲ್ಲ.

ಫಾಂಟಿನವಳು ಎಂದು ಹೇಳಿದರೆ ಅವರಿಗೆ ಏನು ತಿಳಿದೀತು? "ಆ ಮಶೀನಿನ ಪ್ಲೇಟ್ ಮಾಡೂ ಕಂಪ್ಯೂಟರಿನ ಕೆಲಸ ನಂದು, ಕೊರಿಯೂದು ಇವರದು" ಅಂದೆ. ತಾಯಿ "ಕುಂದರ್ರಿ" ಎಂದು ಚಾಪೆ ಸರಿಸಿದರು. ಕೂತ ಕೂಡಲೇ ಸೊಸೆಯ ಕಡೆ ಕೈ ತೋರಿಸಿ ಶುರುಮಾಡಿದರು. "ಏನ್ ಹೇಳೂದ್ರಿ ಬಾಯಿ. ಹತ್ತು ಬೆರಳಿನ ಗಂಡಸು. ನಿಂತ ನಿಂತಲ್ಲೆ ಇಕಿ ಕೈಲೆ ಹೋತು."

ನಾನು ಸಾವಿತ್ರಿಯನ್ನೇ ಕೇಳಿದೆ. ಆಕೆ ನೆಲ ನೋಡುತ್ತ ಹೇಳಿದಳು. ಅವತ್ತು ಮಣ್ಣಿನ ಜೊತೆ ಯಾವುದೋ ಮರದ ಬೇರು ಬಂದು ಯಂತ್ರದ ಒಳಗಿನ ಕಬ್ಬಿಣದ ಸುರುಳಿಗೆ ಸಿಕ್ಕಿಕೊಂಡಿತು. ಹೊಸ ಯಂತ್ರ ಬಂದ ಮೇಲೆ ಹಾಗಾದದ್ದು ಅದೇ ಮೊದಲು. ಕರೆಂಟು ತೆಗೆದರು. ನಾಮದೇವ ಒಳಗೆ ಕೈ ಹಾಕಿ ಬೇರನ್ನು ಹಿಡಿದುಕೊಂಡ. ಹೊರಗಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಸುರುಳಿ ಸಡಿಲಾಗಿ ಬೇರು ಬಿಡುತ್ತದೆ. ಮುಂದಕ್ಕೆ ತಿರುಗಿಸಿದರೆ ಬೇರಿನ ಜೊತೆ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹಳೆಯ ಯಂತ್ರದ ಚಕ್ರ ಬೇರೆ ಥರ ಇತ್ತು.

"ಯಾವ ಕಡಿ ತಿರುಗಿಸ್ಲಿ ಅಂತ ಕೇಳಿದೆ ರೀ. ಬಾಣ ನೋಡಿ ತಿರುಗಿಸು ಅಂದ್ರು. ನೋಡೇ ತಿರುಗಿಸಿದೆ. ಭಾಳ ಬಿಗಿ ಇತ್ತು, ಮೈಯೆಲ್ಲ ಹಾಕಿ ಜಗ್ಗಿದೆ." ಅಲ್ಲಿಗೆ ಆಕೆ ನಿಲ್ಲಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ದವಾಖಾನಿಯಿಂದ ಬಂದ ಮ್ಯಾಲೆ ಕಾರ್ಖಾನಿಗೆ ಹೋಗಿ ನೋಡಿದೆ ರೀ. ಬಾಣ ಆ ಕಡಿ ಇತ್ತು. ನನಗ ಅವತ್ತ ಈ ಕಡಿ ಕಂಡಿತ್ತು. ನನ್ನ ಕಣ್ಣಾಗ ಏನೋ ದೋಷ ಐತ್ರಿ. ಈಗ ಸಾರಿಗೆ ಉಪ್ಪ ಹಾಕಿದ್ರೂ ಬಾಜು ಮನಿಯವ್ರಿಗೆ ತೋರಿಸ್ತೀನಿ, ಇಷ್ಟ ಸಾಕೋ ಹೆಂಗ ಅಂತ. ರೈಲ್ವೆ ಪಟ್ಟಿ ಒಬ್ಬಾಕಿನ ದಾಟೂದು ಬಿಟ್ಟೀನಿ" ಅಂದಳು.

ಅಡ್ಡಹೆಸರು, ಹೊಸ್ತಿಲಾಚೆಯ ಊಟ ಇವೆಲ್ಲ ಒಂದು ಕಡೆ. ಆಕೆ ತನ್ನ ಕಣ್ಣನ್ನೇ ನಂಬುವುದು ಬಿಟ್ಟಿದ್ದಳು. ಪ್ಲೇಟು ಬದಲಾದದ್ದನ್ನು ಆಕೆಗೆ ಒಬ್ಬರೂ ಹೇಳಿರಲಿಲ್ಲ.

ಚೀಲದಿಂದ ಪ್ಲೇಟು ತೆಗೆದು ಆಕೆಯ ಮುಂದೆ ಹೊಸ್ತಿಲ ಮೇಲೆ ಇಟ್ಟೆ. "ತಾಯಿ, ಅವತ್ತ ಮಶೀನಿಗೆ ಇದ್ದ ಪ್ಲೇಟ್ ಇದು. ಆಮ್ಯಾಲೆ ನೀ ನೋಡಿದ್ದು ಬ್ಯಾರೆ. ಇದನ್ನ ತಗದು ಅದನ್ನ ಹಚ್ಯಾರ. ಬಾಣ ಉಲ್ಟಾ ಕೊರದದ್ದು ನಮ್ಮ ಕಂಪ್ಯೂಟರ್. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

ಸಾವಿತ್ರಿ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಬೆರಳಿನ ತುದಿಯಿಂದ ಬಾಣದ ಗೀರಿನ ಮೇಲೆ ಮೆಲ್ಲಗೆ ಎಳೆದಳು. ಬೆರಳಿಗೆ ಕೆಂಪು ಪುಡಿ ಹತ್ತಿತು. "ಈ ಕುಂಕಮ ನಾ ಹಚ್ಚಿದ್ದು" ಅಂದಳು. "ಮಶೀನ ಬಂದ ದಿನ ಪೂಜಿ ಮಾಡಿದ್ವಿ. ಎಲ್ಲಾರೂ ಮಶೀನಿನ ಬಾಯಿಗೆ ಹಚ್ಚಿದ್ರು. ನಾ ಬಾಣಕ್ಕ ಹಚ್ಚಿದೆ, ದಾರಿ ತೋರಸೂದು ಅದ ಅಲ್ಲಾ ಅಂತ." ಆಕೆ ತಲೆ ಎತ್ತಿ ಗಂಡನ ಕಡೆ ನೋಡಿದಳು.

ನಾಮದೇವ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದ, ಅಗಿಯುತ್ತಿರಲಿಲ್ಲ. ಮುಂದಿನ ಮಾತು ಅವರಿಬ್ಬರ ನಡುವೆ ಮರಾಠಿಯಲ್ಲಿ ನಡೆಯಿತು. ಬೆಳಗಾವಿಯಲ್ಲಿ ಹುಟ್ಟಿದವರಿಗೆ ಅದು ತಿಳಿಯದ ಮಾತಲ್ಲ. ತಪ್ಪು ನನ್ನದಲ್ಲ, ಬಾಣದ್ದು ಎಂದು ನಿಮಗೆ ಗೊತ್ತಿತ್ತೇ ಎಂದು ಆಕೆ ಕೇಳಿದಳು. ಅವನು ಮೊದಲು ಇಲ್ಲ ಅಂದ. ತಾಯಿಯೂ ಅವನನ್ನೇ ನೋಡುತ್ತಿದ್ದರು. ಆಮೇಲೆ, ಗೊತ್ತಿತ್ತು ಅಂದ. ಬೇರು ಹಿಡಿಯುವ ಮೊದಲು ತಾನೂ ಬಾಣ ನೋಡಿದ್ದೆ, ಅದಕ್ಕೇ ಬಾಣ ನೋಡಿ ತಿರುಗಿಸು ಅಂದೆ. ಆಸ್ಪತ್ರೆಗೆ ಕಾರ್ಖಾನೆಯ ಮಾಲೀಕರು ಬಂದಿದ್ದರು. ಒಂದು ಕೈಯವನಿಗೆ ವಾಚ್‌ಮನ್ ಕೆಲಸ ಕೊಡುತ್ತೇನೆ, ಪ್ಲೇಟಿನ ಮಾತು ಎಲ್ಲಿಯೂ ತೆಗೆಯಬೇಡ ಅಂದರು. ಮನೆ ನಡೆಯಬೇಕಲ್ಲ ಎಂದು ಒಪ್ಪಿಕೊಂಡೆ, ಅಂದ.

ಸಾವಿತ್ರಿ ಅಳಲಿಲ್ಲ, ಕೂಗಲಿಲ್ಲ. "ನನಗಾದ್ರೂ ಹೇಳಬೇಕಿತ್ತು" ಎಂದು ಒಂದೇ ಮಾತು ಹೇಳಿದಳು. ಅವನ ತಾಯಿ ಕೈಯಲ್ಲಿದ್ದ ಭಾಕರಿಯನ್ನು ತಾಟಿನಲ್ಲಿ ಇಟ್ಟು ಎದ್ದು ಒಳಗೆ ಹೋದರು.

ಹೊರಡುವಾಗ ನಾನು ಪ್ಲೇಟಿಗೆ ಕೈ ಚಾಚಿದೆ. "ಅದನ್ನ ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾರ" ಅಂದಳು ಸಾವಿತ್ರಿ. ಅದರ ಮೇಲೆ ಇಮ್ತಿಯಾಜ್ ಭಾಯಿಯ ಅಂಗಡಿಯ ಹೆಸರಿತ್ತು. ನಾಲ್ಕು ಜನ ನೋಡಿದರೆ ಅವರ ಗಂಜಿಗೆ ಕಲ್ಲು ಬೀಳುತ್ತಿತ್ತು. ನಾನು ಅವರ ಮುಖ ನೋಡಿದೆ. "ಇರ್ಲಿ ಬಿಡ್ರಿ. ಹೆಸರ ನಂದ ಅಲ್ಲೇನು" ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು.

ಸಾವಿತ್ರಿ ಮರುದಿನವೇ ಆ ಪ್ಲೇಟನ್ನು ಓಣಿಗೆ ಕಾಣುವ ಹಾಗೆ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಹಚ್ಚಿದಳಂತೆ. ಕೇಳಿದವರಿಗೆಲ್ಲ ಬಾಣ ತೋರಿಸಿ ನಡೆದದ್ದು ಹೇಳಿದಳಂತೆ. ಸುದ್ದಿ ಕಾರ್ಖಾನೆಗೆ ಮುಟ್ಟಲು ತಡವಾಗಲಿಲ್ಲ. ಮಾಲೀಕರ ಕಡೆಯವರು ಬಂದು ಅದನ್ನು ತೆಗೆಯಲು ಹೇಳಿದರು. ನಾಮದೇವ ಹೆಂಡತಿಗೆ ಕೈಮುಗಿಯಲು ಹೋದನಂತೆ, ಮುಗಿಯಲು ಇನ್ನೊಂದು ಕೈ ಇರಲಿಲ್ಲ. ಆಕೆ ತೆಗೆಯಲಿಲ್ಲ. ವಾಚ್‌ಮನ್ ಕೆಲಸ ಹೋಯಿತು. ಈ ಕಡೆ ಆಟೋ ನಗರದ ಆ ವರ್ಕ್‌ಶಾಪು ಇಮ್ತಿಯಾಜ್ ಭಾಯಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಅವರು ಮಾತ್ರ ಮತ್ತೆ ಕರ್ವ್ ಮಾಡತೊಡಗಿದರು. ಯಾವ ಸಾಫ್ಟ್‌ವೇರಿನವರು ಏನು ಹೇಳಿದರೂ ಕೇಳುವುದಿಲ್ಲ.

ಆಫೀಸಿನಲ್ಲಿ ನಾನು ಮಾಡಿದ್ದು ಇಷ್ಟೇ. ತೆಗೆದಿದ್ದ ಚೌಕವನ್ನು ಯಾರನ್ನೂ ಕೇಳದೆ ಮತ್ತೆ ಸೇರಿಸಿದೆ. ಚಿಹ್ನೆಯ ಫಾಂಟು ಬದಲಾದರೆ ಸಾಫ್ಟ್‌ವೇರು ಅಲ್ಲಿಗೇ ನಿಲ್ಲುವ ಹಾಗೆ ಮಾಡಿದೆ. ಮನುಷ್ಯರು ನೋಡಿ ಒಪ್ಪಿದ ಹೊರತು ಮುಂದೆ ಹೋಗುತ್ತಿರಲಿಲ್ಲ. ಹೊಸ ಆವೃತ್ತಿ ಹೊರಗೆ ಹೋದ ಮೇಲೆ ಫೋನುಗಳು ಮತ್ತೆ ಶುರುವಾದವು. ಇನಾಮದಾರ ಸರ್ ನನ್ನ ಟೇಬಲಿಗೆ ಬಂದರು.

"ಮತ್ತ ಬಂತಲ್ಲ ಅದು."

"ಬಂತ್ರಿ. ತಗೀಬೇಕಂದ್ರ ಖಾನಾಪುರದಾಗ ಒಂದ ಬಾಗಿಲ ಐತಿ, ಅದರ ಮುಂದ ನಿಂತು ಹೇಳ್ರಿ, ಅವತ್ತ ತಗೀತೀನಿ."

ಅವರು ತಮ್ಮ ಕೋಣೆಗೆ ಹೋದರು. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದರು, ನನ್ನ ಕಣ್ಣು ತಪ್ಪಿಸಿಯೇ ಹೊದಿಸಿದರು. ನಾನು ಬಿಟ್ಟ ಮೇಲೆ ಆ ಚೌಕದ ಮೂಲೆಯಲ್ಲಿ "ಇದನ್ನು ಮತ್ತೆ ತೋರಿಸಬೇಡ" ಎಂಬ ಗುರುತು ಸೇರಿದೆ ಎಂದು ಕೇಳಿದ್ದೇನೆ. ಹೊಸದಾಗಿ ಕೆಲಸಕ್ಕೆ ಬರುವವರು ಮೊದಲ ದಿನವೇ ಅದಕ್ಕೆ ಟಿಕ್ ಹಾಕುತ್ತಾರಂತೆ. ಪೇಢೆ ತಂದ ಹುಡುಗಿಗೆ ನಾನು ಹೇಳಬೇಕಿದ್ದ ಮಾತು ಅದೇ. ಅಂಥ ಗುರುತಿಗೆ ಟಿಕ್ ಹಾಕಬೇಡ ತಾಯಿ. ನಿನ್ನ ಕೆಲಸದಿಂದ ಯಾರ ಜೀವಕ್ಕೂ ಏನೂ ಆಗುವುದಿಲ್ಲ ಎಂದು ನಿನಗೆ ಯಾರು ಹೇಳಿದರು?

ಈ ವರ್ಷ ದಸರೆಯ ನಂತರ ಒಮ್ಮೆ ಖಾನಾಪುರಕ್ಕೆ ಹೋಗಿದ್ದೆ. ಪ್ಲೇಟು ಬಾಗಿಲಲ್ಲೇ ಇದೆ, ಹಿತ್ತಾಳೆ ಕಪ್ಪಾಗಿದೆ. ಸಾವಿತ್ರಿ ಈಗ ಬೇರೆ ಕಡೆ ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಹೊರುತ್ತಾಳೆ. ಒಬ್ಬಳ ದುಡಿಮೆಯಲ್ಲಿ ಮೂವರ ಊಟ. ನಾಮದೇವ ಎಡಗೈಯಲ್ಲಿ ಉಣ್ಣುವುದು ಕಲಿತಿದ್ದಾನೆ, ನನ್ನ ಜೊತೆ ಮಾತಾಡಲಿಲ್ಲ. ಅವನ ತಾಯಿ ನನ್ನನ್ನು ಕಂಡು ಒಳಗಿನಿಂದಲೇ, "ಮೊದಲ ಕೈ ಹೋತು, ಆಮ್ಯಾಲೆ ನೌಕರಿನೂ ಹೋತು" ಎಂದು ನನಗೆ ಕೇಳುವ ಹಾಗೆ ಗೊಣಗಿದರು. ಕೈ ತಿಂದಾಕಿ ಎಂಬ ಹೆಸರನ್ನು ಓಣಿ ಪೂರ್ತಿ ಬಿಟ್ಟಿಲ್ಲ. ಬಾಯಿಗೆ ಹತ್ತಿದ್ದು ಬೇಗ ಹೋಗುವುದಿಲ್ಲ.

ಒಲೆಯ ಮುಂದೆ ಚಹಾಕ್ಕೆ ಇಟ್ಟಿದ್ದ ಸಾವಿತ್ರಿಯ ಹತ್ತಿರ ಕೂತು, ಬಹಳ ದಿನದಿಂದ ನನ್ನೊಳಗಿದ್ದ ಮಾತು ಕೇಳಿದೆ. "ನಾ ಅವತ್ತ ಬರಬಾರದಿತ್ತೇನ ಸಾವಿತ್ರಿ? ನೌಕರಿ ಆದ್ರೂ ಉಳೀತಿತ್ತು."

ಆಕೆ ಕೊಳವೆಯಿಂದ ಒಲೆ ಊದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನೌಕರಿ ಇತ್ತಂದ್ರ ಉಣ್ಣಾಕ ಆಗ್ತಿತ್ತು ಅಕ್ಕಾರ. ಖರೇ. ಆದ್ರ ಉಪ್ಪ ಎಷ್ಟ ಹಾಕಬೇಕಂತ ಜೀವನಪೂರ್ತಿ ಯಾರನ್ನ ಕೇಳ್ಕೋತ ಇರ್ಲಿ?"

ಎದ್ದು ಡಬ್ಬಿಯ ಮುಚ್ಚಳ ತೆಗೆದಳು. ಚಮಚ ಹುಡುಕಲಿಲ್ಲ, ಯಾರಿಗೂ ತೋರಿಸಲಿಲ್ಲ. ಹಿಡಿಯಲ್ಲಿ ಸಕ್ಕರೆ ತೆಗೆದು ಕಣ್ಣಂದಾಜಿನಲ್ಲಿ ಕುದಿಯುವ ಚಹಾಕ್ಕೆ ಹಾಕಿ, ಸೋಸಿ ನನ್ನ ಕೈಗೆ ಕೊಟ್ಟಳು. ಸಕ್ಕರೆ ಸರಿಯಾಗಿತ್ತು.